ಚರ್ಮದ ಕೊಬ್ಬು ನೋಡೋಕೆ ಡೈಮಂಡ್ ಎಟಿಆರ್: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ...

ಮಂಗಳೂರು ಕಡೆಯ ಫಾರ್ಮಸಿ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ಮುಲಾಮು ಹಚ್ಚಿದಾಗ ಚರ್ಮದ ಮೇಲ್ಪದರದ ಕೊಬ್ಬಿಗೆ ಏನಾಗುತ್ತದೆ ಅನ್ನುವುದು ನನ್ನ ವಿಷಯ. ಲ್ಯಾಬಿನ ಹಳೆಯ ಎಫ್‌ಟಿಐಆರ್‌ಗೆ (ವಸ್ತು ಯಾವ ಯಾವ ಇನ್‌ಫ್ರಾರೆಡ್ ಕಿರಣ ಹೀರುತ್ತದೆ ಅಂತ ನೋಡುವ ಯಂತ್ರ) ಡೈಮಂಡ್ ಎಟಿಆರ್, ಅಂದರೆ ಸ್ಯಾಂಪಲನ್ನು ವಜ್ರದ ಮೇಲಿಟ್ಟು ನೋಡುವ ಅಟ್ಯಾಚ್‌ಮೆಂಟ್ ಕೂರಿಸಿ, ಜೊತೆಗೆ ಹೀಟರ್ ಪ್ಲೇಟನ್ನೂ ತರಿಸಿದೆವು. ಬೇರೆ ಕಾಲೇಜಿನವರು ಫೋನ್ ಮಾಡಿ ವಿಚಾರಿಸುತ್ತಲೇ ಇರುತ್ತಾರೆ, ಅದಕ್ಕೇ ಬರೆದುಬಿಡೋಣ ಅನಿಸಿತು. ಕಂಪನಿ ಹೆಸರು ಬೇಡ.

ಮೊದಲು ಒಳ್ಳೆಯದು. ಚರ್ಮವನ್ನು ಮಾತ್ರೆಯ ಪುಡಿಯ ಹಾಗೆ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು) ಜೊತೆ ಅರೆದು ಬಿಲ್ಲೆ ಒತ್ತಲಾಗುವುದಿಲ್ಲ. ಇಲ್ಲಿ ಆ ರಗಳೆ ಇಲ್ಲ. ತುಂಡನ್ನು ವಜ್ರದ ಮೇಲಿಟ್ಟು ಕ್ಲಾಂಪ್ ಇಳಿಸಿದರೆ ಮುಗಿಯಿತು. ಕಿರಣ ವಜ್ರದೊಳಗೇ ಪ್ರತಿಫಲಿಸಿ, ಹೊರಗೆ ಒಂದು ಮೈಕ್ರಾನಿನ ಆಸುಪಾಸು ಮಾತ್ರ ಇಣುಕುತ್ತದೆ. ಚರ್ಮದ ಮೇಲ್ಪದರ, ಅಂದರೆ ಸ್ಟ್ರೇಟಮ್ ಕಾರ್ನಿಯಮ್‌ನ ದಪ್ಪ 10ರಿಂದ 20 ಮೈಕ್ರಾನ್. ಅಂದರೆ ಒಂದು ಸಲಕ್ಕೆ ಕಾಣುವುದು ಅದರ ತೀರಾ ಮೇಲಿನ ಭಾಗ. ಕೆಳಗೆ ನೋಡಬೇಕೆಂದರೆ ಟೇಪ್ ಅಂಟಿಸಿ ಕಿತ್ತು, ಪದರ ಪದರವಾಗಿ ಇಳಿಯಬೇಕು.

ಆ ಪದರದ ಕೊಬ್ಬಿನಲ್ಲಿ ಮುಖ್ಯವಾಗಿ ಇರುವುದು ಸೆರಮೈಡ್, ಕೊಲೆಸ್ಟರಾಲ್, ಫ್ಯಾಟಿ ಆಸಿಡ್. ಅವುಗಳ ಉದ್ದನೆಯ ಸರಪಳಿಗಳು ಅಗರಬತ್ತಿ ಕಟ್ಟಿನ ಹಾಗೆ ಒತ್ತೊತ್ತಾಗಿ ನಿಂತಿದ್ದರೆ ಸಿಎಚ್2 ಪೀಕು (ಸರಪಳಿಯ ಇಂಗಾಲ-ಹೈಡ್ರೋಜನ್ ಕೊಂಡಿ ಕಿರಣ ಹೀರುವ ಜಾಗ) 2850 ವೇವ್‌ನಂಬರಿನ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ) ಹತ್ತಿರ ಅಥವಾ ಅದಕ್ಕೂ ಸ್ವಲ್ಪ ಕೆಳಗೆ ಸಿಗುತ್ತದೆ. ಕರಗಿ ಚೆಲ್ಲಾಪಿಲ್ಲಿಯಾದರೆ 2853, 2854. ನಮ್ಮ ಥೀಸಿಸ್ಸೆಲ್ಲ ಈ ಮೂರು ನಾಲ್ಕು ವೇವ್‌ನಂಬರಿನೊಳಗೇ! ಅದಕ್ಕೇ ಹೀಟರ್‌ಗೆ ನನ್ನ ಪೂರ್ತಿ ಅಂಕ. 30 ಡಿಗ್ರಿಯಿಂದ 90ರವರೆಗೆ ನಿಧಾನ ಏರಿಸುತ್ತಾ ಹೋದರೆ ಪೀಕು ಎಲ್ಲಿ ಜಾರಿತು ಅಂತ ಕಣ್ಣಿಗೇ ಕಾಣುತ್ತದೆ. ರೂಮಿನ ತಾಪಮಾನದಲ್ಲಿ ಒಂದೇ ಸ್ಪೆಕ್ಟ್ರಮ್ (ಪೀಕುಗಳ ಗ್ರಾಫ್) ತೆಗೆದು "ನಮ್ಮ ಕ್ರೀಮು ಚರ್ಮದ ಬ್ಯಾರಿಯರ್ (ತಡೆಗೋಡೆ) ಸರಿಮಾಡಿತು" ಅನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಸರಪಳಿಗಳು ಇನ್ನೂ ಬಿಗಿಯಾಗಿ ಜೋಡಿಸಿಕೊಂಡಾಗ ಕಾಣುವ 1463, 1473ರ ಜೋಡಿ ಪೀಕಿನ ಆಸೆಯಿದ್ದರೆ ಮನುಷ್ಯರ ಚರ್ಮವೇ ಬೇಕು, ಅದಕ್ಕೆ ಎಥಿಕ್ಸ್ ಕಮಿಟಿ ಅನುಮತಿ ಆಗಬೇಕು. ಹಂದಿಯ ಚರ್ಮದಲ್ಲಿ ಸರಪಳಿಗಳ ಜೋಡಣೆ ಹೆಚ್ಚಾಗಿ ಷಟ್ಕೋನದ ತರಹ, 1468ರಲ್ಲಿ ಒಂದೇ ಪೀಕು. ಇದು ಯಂತ್ರದ ದೋಷವಲ್ಲ, ಸರ್ವೀಸ್‌ನವರನ್ನು ಕರೆಸಬೇಡಿ. ಹಂದಿಯ ಕಿವಿ ಬೇಕಾದರೆ ಅಂಗಡಿಯವರಿಗೆ ಮೊದಲೇ ಹೇಳಿಡಿ: ಕೂದಲು ತೆಗೆಯಲು ಬಿಸಿನೀರು ಹೊಯ್ದ ಕಿವಿ ನಮ್ಮ ಕೆಲಸಕ್ಕೆ ಬಾರದು. ನಾನು ಕೇಳಿದಾಗ ಅಂಗಡಿಯವರು, "ಎಂತ ಮಾರಾಯ್ರೆ, ಬರೀ ಕಿವಿಯಾ? ಅದೂ ಹಸಿಯಾ? ಹಾಗಾದ್ರೆ ಬೆಳಿಗ್ಗೆ ಬೇಗ ಬರ್ಬೇಕು" ಅಂದರು. ಈಗ ಗುರುತಾಗಿದೆ, ಐಸ್ ಹಾಕಿ ಎತ್ತಿಟ್ಟಿರುತ್ತಾರೆ.

ಇನ್ನು ತಕರಾರು. ವಜ್ರಕ್ಕೆ ತನ್ನದೇ ಹೀರುವಿಕೆ ಇದೆ, ಸುಮಾರು 1900ರಿಂದ 2300ರವರೆಗೆ. ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಹಾಕಿದ ಫ್ಯಾಟಿ ಆಸಿಡ್ ಬಳಸಿ, ಹೊರಗಿನ ಕೊಬ್ಬು ಯಾವುದು, ಚರ್ಮದ್ದು ಯಾವುದು ಎಂದು ಬೇರ್ಪಡಿಸುವವರಿಗೆ ಬೇಕಾದ ಸಿಡಿ2 ಪೀಕು ಬರುವುದು ಸರಿಯಾಗಿ 2090ರ ಸುತ್ತ! ಗದ್ದಲದಲ್ಲಿ ಅದನ್ನು ಹುಡುಕುತ್ತಾ ಕೂರಬೇಕು. ಮಾರುವಾಗ ಯಾರೂ ಈ ಮಾತೆತ್ತಲಿಲ್ಲ. ಆ ಕೆಲಸಕ್ಕೆ ಜಿಂಕ್ ಸೆಲೆನೈಡ್ ಕ್ರಿಸ್ಟಲ್ ವಾಸಿ. ಆದರೆ ಅದು ಮೆದು, ಬೇಗ ಗೀರು ಬೀಳುತ್ತದೆ, ಆಸಿಡ್ ತಾಗಿದರೆ ಹೋಯಿತು.

ಕ್ಲಾಂಪಿನ ತೋಳು ಗಿಡ್ಡ. ತುಂಡಿಗೆ ತೊಂದರೆಯಿಲ್ಲ, ವಾಲಂಟಿಯರ್ ಮುಂಗೈಯನ್ನು ನೇರ ವಜ್ರದ ಮೇಲಿಡಲು ಮಾತ್ರ ಜಾಗ ಸಾಲದು. ಕೈಯಿಟ್ಟರೂ ನಮ್ಮೂರಿನಲ್ಲಿ ಇನ್ನೊಂದು ಪೇಚು: ತೆಂಗಿನೆಣ್ಣೆ. ಮೈಯ ಬಿಸಿಗೆ ಅದು ದ್ರವ, ಅದಕ್ಕೂ ಸಿಎಚ್2 ಇದೆ. ಬ್ಯಾರಿಯರ್ ಚೆನ್ನಾಗಿದ್ದರೂ ಪೀಕು 2853ರ ಕಡೆ ವಾಲಿ, ಕೊಬ್ಬು ಕದಡಿದಂತೆ ತೋರಿಸುತ್ತದೆ. 1745ರ ಸುತ್ತ ಎಸ್ಟರ್ ಪೀಕು ಎದ್ದು ಕಂಡರೆ ಎಣ್ಣೆಯನ್ನೋ ಮೈಯ ಜಿಡ್ಡನ್ನೋ ಶಂಕಿಸಿ. ಹಣೆಯಂತೂ ಬೇಡವೇ ಬೇಡ.

ಮಳೆಗಾಲದ ಖರ್ಚು ಬೇರೆ ಇದೆ. ನಮ್ಮ ಎಫ್‌ಟಿಐಆರ್ ಒಳಗಿನ ಬೀಮ್ ಸ್ಪ್ಲಿಟರ್ (ಕಿರಣವನ್ನು ಎರಡಾಗಿ ಸೀಳುವ ಬಿಲ್ಲೆ) ಕೆಬಿಆರ್‌ನದು, ತೇವ ಕಂಡರೆ ಮಂಜಾಗುತ್ತದೆ. ಜೂನ್ ಹಿಡಿದರೆ ತೇವ ಹೀರುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಲು ಹೆಚ್ಚು ಹೊತ್ತು ಬೇಡ. ರಾತ್ರಿಯೂ ಏಸಿ ಹಾಕಿಡಬೇಕು, ಆ ಕರೆಂಟ್ ಬಿಲ್ಲಿಗೆ ಪ್ರಾಜೆಕ್ಟಿನಲ್ಲಿ ಕಾಲಂ ಇಲ್ಲ.

ಐದಕ್ಕೆ ನಾಲ್ಕು ಕೊಡ್ತೇನೆ. ಹೀಟರ್ ಇಲ್ಲದ ಮಾಡೆಲ್ ಆಗಿದ್ದರೆ ಎರಡು. ಡೆಮೋಗೆ ಬಂದವರು ಪ್ಯಾರಾಸಿಟಮಾಲ್ ಪುಡಿ ಹಾಕಿ ಚೂಪು ಚೂಪು ಪೀಕು ತೋರಿಸಿ ಹೋಗುತ್ತಾರೆ. ನೀವು ಒಂದು ತುಂಡು ಸ್ಟ್ರೇಟಮ್ ಕಾರ್ನಿಯಮ್ ರೆಡಿ ಇಟ್ಟುಕೊಂಡು, ಅದನ್ನೇ ಎತ್ತಿ ಮತ್ತೆ ಮತ್ತೆ ಇಡಿಸಿ. 2850 ಪ್ರತಿ ಸಲ ಅಲ್ಲೇ ನಿಂತರೆ ಮಾತ್ರ ಆರ್ಡರಿನ ಮಾತು.