ಎರಡು ಬೇಸಿಗೆ ದಾಟಿದ ಮೇಲೆ: ಗಾಡಿಯೊಳಗಿನ 12 ವೋಲ್ಟ್ ಫ್ರಿಜ್

ಮೊದಲ ತಿಂಗಳು ಈ ಪೆಟ್ಟಿಗೆಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ಜಗಳೂರು ಕಡೆಯ ಹಳ್ಳಿಗಳಲ್ಲಿ ಬೆಣ್ಣೆ ಕೊಂಡು ದಾವಣಗೆರೆಯ ದೋಸೆ ಹೋಟೆಲ್‌ಗಳಿಗೆ ಹಾಕೋದು ನಮ್ಮ ಮನೆ ಕಸುಬು. ಅಪ್ಪ ಡಬರಿ ತುಂಬ ತಣ್ಣೀರು ಹಾಕಿ, ಉಂಡೆ ತೇಲಿಬಿಟ್ಟು, ಒದ್ದೆ ಗೋಣಿಚೀಲ ಹೊದಿಸಿ ತರುತ್ತಿದ್ದರು. ಬೆಣ್ಣೆ ಕರಗೋಕೆ 32-35 ಡಿಗ್ರಿ ಸಾಕು. ನಮ್ಮ ಏಪ್ರಿಲ್ ಬಿಸಿಲು ಅದನ್ನು ಬೆಳಗ್ಗೆಯೇ ದಾಟುತ್ತೆ. ಅದಕ್ಕೇ ಸಾಲ ಮಾಡಿ 40 ಲೀಟರಿನ ಕಂಪ್ರೆಸರ್ ಫ್ರಿಜ್ ತಂದೆ. ದೋಣಿಗಳಲ್ಲಿ, ದೂರದ ಲಾರಿಗಳಲ್ಲಿ ಬ್ಯಾಟರಿ ಮೇಲೆ ಓಡುತ್ತಲ್ಲ, ಅದೇ ಜಾತಿಯದು.

ಇಂಜಿನ್ ಓಡುವಾಗ ಚೆನ್ನಾಗಿಯೇ ಇರೋದು. ಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ತೂಕ ಹಾಕೋಕೆ ಕೂತರೆ ಹತ್ತೇ ನಿಮಿಷಕ್ಕೆ ಕೀಂ ಕೀಂ ಅಂತ ನಿಂತುಬಿಡೋದು. ಬ್ಯಾಟರಿ ಹೊಸದು. ಮಾರಿದವರಿಗೆ ಫೋನ್ ಮಾಡಿದರೆ "ಬ್ಯಾಟರಿ ಬದಲಾಯಿಸಿ ಸಾರ್" ಅಂದರು. ಬದಲಾಯಿಸಿದೆ. ಮತ್ತೆ ಅದೇ ಪಾಡು. ಒಂದು ದಿನ ಹನ್ನೆರಡು ಕೆಜಿ ಬೆಣ್ಣೆ ತುಪ್ಪ ಕಾಯಿಸೋಕೇ ಹೋಯ್ತು.

ಕೊನೆಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಮೀಟರ್ ಹಿಡಿದ. ಬ್ಯಾಟರಿಯ ಬಾಯಲ್ಲಿ 12.4 ವೋಲ್ಟ್, ಫ್ರಿಜ್‌ನ ಪ್ಲಗ್‌ನಲ್ಲಿ 11! ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಹಿಂದಿನವರೆಗೆ ಎಳೆದಿದ್ದ ಕೂದಲೆಳೆಯಂಥ ವೈರು ಮಧ್ಯದಲ್ಲೇ ಅಷ್ಟನ್ನು ನುಂಗುತ್ತಿತ್ತು. ಕಂಪ್ರೆಸರ್ ನಾಲ್ಕೈದು ಆಂಪ್ ಎಳೆಯುತ್ತೆ, ಸ್ಟಾರ್ಟ್ ಆಗುವಾಗ ಇನ್ನೂ ಜಾಸ್ತಿ. ಬ್ಯಾಟರಿ ಪೂರ್ತಿ ಬರಿದಾಗಿ ಗಾಡಿ ಸ್ಟಾರ್ಟ್ ಆಗದೆ ಹೋಗಬಾರದು ಅಂತ, ವೋಲ್ಟೇಜ್ ಇಳಿದರೆ ಫ್ರಿಜ್ ತಾನೇ ನಿಲ್ಲುತ್ತೆ. ಪಾಪ, ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಹುಡುಗ ಬ್ಯಾಟರಿಯಿಂದಲೇ ನೇರ 6 ಸ್ಕ್ವೇರ್ ಎಂಎಂನ ದಪ್ಪ ತಾಮ್ರದ ವೈರು ಎಳೆದ, ಬ್ಯಾಟರಿ ಹತ್ತಿರವೇ 15 ಆಂಪ್ ಫ್ಯೂಸ್ ಕೂರಿಸಿದ. ಈಗ ಪ್ಲಗ್‌ನಲ್ಲಿ 12.2. ಎರಡು ವರ್ಷವಾಯ್ತು, ಆ ಕೀಂ ಕೀಂ ಮತ್ತೆ ಕೇಳಿಲ್ಲ. ಇಷ್ಟು ಮಾತನ್ನು ಮಾರುವವರು ಮೊದಲೇ ಹೇಳಿದ್ದರೆ ಒಂದು ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು ಅನ್ನೋ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ.

ಪೆಟ್ಟಿಗೆ ಮೇಲೆ ಈಗ ನನಗೆ ಪ್ರೀತಿಯೇ. ರಾತ್ರಿ ಮನೆ ಕರೆಂಟಿಗೆ ಹಾಕಿ ಖಾಲಿ ಪೆಟ್ಟಿಗೆಯನ್ನೇ ತಣ್ಣಗೆ ಮಾಡಿಡುತ್ತೇನೆ, ಜೊತೆಗೆ ಎರಡು ಬಾಟಲಿ ನೀರು. ಬೆಳಗಿನ ಜಾವ ಹೊರಡುವಾಗ ಅರ್ಧ ಕೆಲಸ ಮುಗಿದಿರುತ್ತೆ. ಉಂಡೆಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಒಂದರ ಪಕ್ಕ ಒಂದು ಜೋಡಿಸೋದು ನನಗೆ ದಿನದ ಇಷ್ಟದ ಹೊತ್ತು. ಮುಚ್ಚಳ ಮೇಲಕ್ಕೆ ತೆರೆಯೋದರಿಂದ ತಣ್ಣನೆ ಗಾಳಿ ಕೆಳಗೇ ಉಳಿಯುತ್ತೆ, ಪ್ರತಿ ಹಳ್ಳಿಯಲ್ಲೂ ತೆಗೆದರೂ ಇಟ್ಟಿದ್ದಕ್ಕಿಂತ ಎರಡು ಡಿಗ್ರಿಗಿಂತ ಹೆಚ್ಚು ಏರಲ್ಲ. ಪಕ್ಕದ ಜಾಲರಿಗೆ ತಾಡಪಾಲು ತಾಗದಂತೆ ನೋಡಿಕೊಳ್ಳಿ. ಬಿಸಿ ಹೊರಗೆ ಹೋಗದಿದ್ದರೆ ಬಿಡುವಿಲ್ಲದೆ ಓಡಿ ಬ್ಯಾಟರಿ ತಿನ್ನುತ್ತೆ.

ಹುಮ್ಮಸ್ಸಿನಲ್ಲಿ ಮೊದಲು ಸೊನ್ನೆಗೆ ಇಟ್ಟಿದ್ದೆ. "ಏನ್ರೀ ಅಣ್ಣಾ, ಬೆಣ್ಣೆ ತಂದ್ರೋ ಕಲ್ಲು ತಂದ್ರೋ?" ಅಂತ ಕೇಳಿದರು ದೋಸೆ ಹುಯ್ಯೋರು. ಈಗ 6ಕ್ಕೇ ಇರುತ್ತೆ. ಹೋಟೆಲಿನ ಒಲೆ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಹದಕ್ಕೆ ಬರುತ್ತೆ. ಫ್ರೀಜರ್ ಮಾಡಿಕೊಂಡು ಮೈನಸ್ 18ರವರೆಗೂ ಇಳಿಸಬಹುದು, ನನಗೆ ಅದರ ಕೆಲಸವೇ ಬಿದ್ದಿಲ್ಲ. ಐಸ್‌ಕ್ರೀಮು, ಮೀನು ಮಾರೋರಿಗೆ ಬೇಕಾಗಬಹುದು, ಆದರೆ ಅವರು ಎರಡನೇ ಬ್ಯಾಟರಿ ಹಾಕಿಸಿಕೊಳ್ಳಲೇಬೇಕು.

ನೆನೆಸದೇ ಸಿಕ್ಕ ಸಂತೋಷ ಒಂದಿದೆ. ಬೆಣ್ಣೆ ಕೊಡುವ ಅಜ್ಜಿಯೊಬ್ಬರಿಗೆ ಸಕ್ಕರೆ ಕಾಯಿಲೆ. ಇನ್ನೂ ತೆರೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು. ತಿಂಗಳಿಗೊಮ್ಮೆ ದಾವಣಗೆರೆಯ ಮೆಡಿಕಲ್ ಶಾಪಿನಿಂದ ತಂದು, ಗೋಡೆಗೆ ತಾಗದಂತೆ ಬಟ್ಟೆ ಸುತ್ತಿ, ಮೇಲಿನ ಬುಟ್ಟಿಯಲ್ಲಿ ಇಟ್ಟು ಒಯ್ಯುತ್ತೇನೆ. ಗಾಡಿ ಸದ್ದು ಕೇಳಿದರೆ ಸಾಕು, "ನನ್ ತಣ್ಣನ್ ಸೀಸೆ ಬಂತೇನೋ ತಮ್ಮಾ" ಅಂತ ಬೆಣ್ಣೆ ಗಡಿಗೆ ಬಿಟ್ಟು ಮೊದಲು ಕೈ ಚಾಚುತ್ತಾರೆ.