ಹಳೆಯ ದಾರವಂದಕ್ಕೆ ಹೊಸ ತುಂಡು: ವುಡ್ ಸ್ಟೇನ್ ಬಳಸಿ ಎರಡೂವರೆ ವರ್ಷ

ಚಿತ್ರದುರ್ಗದ ಹಳೆಯ ಊರಿನಲ್ಲಿರುವ ನಮ್ಮ ಮನೆಯ ಮುಂಬಾಗಿಲಿನ ದಾರವಂದದ ಬಲಗಾಲಿಗೆ ಗೆದ್ದಲು ಹಿಡಿದಿದ್ದರಿಂದ, ಹಾಳಾದಷ್ಟನ್ನು ಕತ್ತರಿಸಿ ತೆಗೆದು ಒಂದೂವರೆ ಅಡಿ ಉದ್ದದ ಹೊಸ ತೇಗದ ತುಂಡನ್ನು ಆಚಾರರು ಕೂಡಿಸಿಕೊಟ್ಟರು. ಕೂಡಿಸಿದ ಗೆರೆ ಉಗುರಿಗೂ ಸಿಗುತ್ತಿರಲಿಲ್ಲ. ಬಣ್ಣದ ವ್ಯತ್ಯಾಸ ಮಾತ್ರ ಬೀದಿಯಿಂದಲೇ ಕಾಣುತ್ತಿತ್ತು. ಅದಕ್ಕೆಂದು ದಾವಣಗೆರೆಯಿಂದ ತಂದ ವಾಲ್ನಟ್ ಛಾಯೆಯ, ಎಣ್ಣೆ ಆಧಾರಿತ ಸ್ಟೇನಿನ (ಮರದ ನಾರಿಗೆ ಇಳಿದು ಬಣ್ಣ ಕೊಡುವ ದ್ರವ) ಬಗ್ಗೆ ಈ ಅಭಿಪ್ರಾಯ.

ಡಬ್ಬಿಯ ಮೇಲಿನ ಬಣ್ಣದ ಚೌಕವನ್ನು ನಂಬಿ ನೇರವಾಗಿ ಬಳಿದದ್ದು ನನ್ನ ತಪ್ಪು. ತುಂಡು ಡಿಕಾಕ್ಷನ್ನಿನಂತೆ ಕಪ್ಪಾಯಿತೇ ಹೊರತು ಹಳೆಯ ಮರದ ಜೇನುಗೆಂಪು ಬರಲಿಲ್ಲ, ನಾರಿಗೆ ಇಳಿದದ್ದನ್ನು ತೆಗೆಯಲು ಅರ್ಧ ದಿನ ಉಜ್ಜಬೇಕಾಯಿತು. ನಮಗೆ ಕಾಣುವ ಹಳೆಯ ಬಣ್ಣ ಮರದ್ದಷ್ಟೇ ಅಲ್ಲ, ಅಜ್ಜನ ಕಾಲದಲ್ಲಿ ಹಚ್ಚಿದ ಅರಗಿನ ಪಾಲಿಶ್ ಮಾಗಿದ್ದು, ಕೈಯ ಜಿಡ್ಡು, ಸಾಂಬ್ರಾಣಿಯ ಹೊಗೆ ಎಲ್ಲವೂ ಸೇರಿದ್ದು ಎಂದು ಆಚಾರರು ಹೇಳಿದ ಮೇಲೆಯೇ ನನಗೆ ಹೊಳೆದದ್ದು, ಸ್ಟೇನಿನಿಂದ ಕೇಳಬೇಕಾದದ್ದು ಅಡಿಬಣ್ಣವನ್ನು ಮಾತ್ರ ಎಂಬುದು.

ಎರಡನೆಯ ಸಲ, ಕತ್ತರಿಸಿ ಉಳಿದಿದ್ದ ಅದೇ ತೇಗದ ಮೂರು ಚೂರುಗಳನ್ನು ದಾರವಂದಕ್ಕೆ ಬಳಸಿದ 180 ನಂಬರಿನ ಸ್ಯಾಂಡ್‌ಪೇಪರಿನಿಂದಲೇ ಉಜ್ಜಿ (ಕಾಗದ ನಯವಾದಷ್ಟೂ ಮರ ಬಣ್ಣ ಕುಡಿಯುವುದು ಕಡಿಮೆ), ತೇಗದ ಜಿಡ್ಡನ್ನು ಥಿನ್ನರಿನಿಂದ ಒರೆಸಿ, ಟರ್ಪಂಟೈನ್ ಬೆರೆಸಿದ ಸ್ಟೇನನ್ನು ಮೂರು ಹದದಲ್ಲಿ ಹಚ್ಚಿದೆ. ಒಣಗಿದ ಸ್ಟೇನ್ ಮಂಕಾಗಿ ಕಾಣುವುದರಿಂದ ಪ್ರತಿ ಚೂರಿನ ಅರ್ಧಕ್ಕೆ ಪಾಲಿಶ್ ಹಚ್ಚಿಯೇ ಹೋಲಿಸಬೇಕು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಅಚ್ಚುಕಟ್ಟಾಗಿ ಹೊಂದಿದ್ದ ಚೂರು ಬೆಳಗಿನ ಬಿಸಿಲಿನಲ್ಲಿ ಹಸಿರು ಮಿಶ್ರಿತವಾಗಿ ಕಂಡಿತು! ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ತಿಳಿಯಾದದ್ದನ್ನು, ಅಂದರೆ ಒಂದು ಪಾಲು ಸ್ಟೇನಿಗೆ ಒಂದು ಪಾಲು ಟರ್ಪಂಟೈನ್. ಅದರ ಮೇಲೆ ಸ್ಪಿರಿಟಿನಲ್ಲಿ ಕರಗಿಸಿದ ಕಿತ್ತಳೆ ಬಣ್ಣದ ಅರಗನ್ನು ನಾಲ್ಕು ಕೈ ಹಚ್ಚಿದಾಗ ಬೇಕಾದ ಕೆಂಪು ತಾನಾಗಿ ಬಂತು.

ದೂರುಗಳೂ ಇವೆ. ಬಣ್ಣದ ಪುಡಿ ತಳದಲ್ಲಿ ಕೂರುವುದರಿಂದ ಪ್ರತಿ ಸಲ ಕಡ್ಡಿಯಿಂದ ತಳ ಕೆದಕಿ ಕಲಕದಿದ್ದರೆ ಮೊದಲ ಅರ್ಧ ತಿಳಿ, ಉಳಿದರ್ಧ ಗಾಢ. ಎಂಟು ತಾಸಿನಲ್ಲಿ ಒಣಗುತ್ತದೆಂದು ಬರೆದಿದ್ದರೂ ಮಳೆಗಾಲದಲ್ಲಿ ಎರಡು ದಿನ ಬೇಕಾಯಿತು.

ಎರಡೂವರೆ ವರ್ಷದ ನಂತರ, ಒಳಮೈಯಲ್ಲಿ ತುಂಡು ಎಲ್ಲಿದೆ ಎಂದು ನಾನೇ ಹುಡುಕಬೇಕು. ಹೊರಮೈಯ ಕಥೆ ಬೇರೆ: ಪಡುವಣ ಬಿಸಿಲಿಗೆ ಎರಡನೆಯ ಬೇಸಿಗೆಯಲ್ಲಿ ಬಣ್ಣ ಒಣಹುಲ್ಲಿನಂತೆ ತಿಳಿಯಾಯಿತು, ದಿನವೂ ಹೊಸ್ತಿಲು ತೊಳೆಯುವ ನೀರು ಸಿಡಿದಲ್ಲಿ ಅರಗಿನ ಪದರ ಬೆಳ್ಳಗಾಯಿತು. ಎರಡನೆಯದು ಸ್ಟೇನಿನ ದೋಷವಲ್ಲ, ಅರಗಿಗೆ ನೀರು ಆಗದು. ಅಲ್ಲಿ ಅದನ್ನು ತೆಗೆದು, ಮತ್ತೆ ಸ್ಟೇನ್ ಹಚ್ಚಿ, ಹೊರಾಂಗಣದ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸಿದ್ದೇನೆ. ಒಳಗಿನ ಕೆಲಸಕ್ಕಾದರೆ ಇದೇ ಸ್ಟೇನನ್ನು ಮತ್ತೆ ಕೊಳ್ಳುತ್ತೇನೆ, ಆದರೆ ಅತಿ ಚಿಕ್ಕ ಡಬ್ಬಿ ಸಾಕು.

ಆ ಮೂರು ಚೂರುಗಳ ಬೆನ್ನಿಗೆ ಬೆರಕೆಯ ಅಳತೆ ಬರೆದು ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಎಡಗಾಲಿನ ಬುಡದಲ್ಲೂ ಗೆದ್ದಲಿನ ಮಣ್ಣು ಕಾಣಿಸಿಕೊಂಡಿದೆ.