ವಿಡಿಯೋದಲ್ಲಿ ಮಾತಾಡಿದವನೇ ಬೇರೆ, ಕೆಲಸಕ್ಕೆ ಬಂದವನೇ ಬೇರೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. 24 ಜನ ಇದ್ದೇವೆ. ಹಳೆಯ ಅಕೌಂಟೆಂಟ್ ಕೆಲಸ ಬಿಟ್ಟು ಊರಿಗೆ ಹೋದರು. ಅರ್ಜೆಂಟಿತ್ತು ಅಂತ ಒಬ್ಬ ಹುಡುಗನ ಇಂಟರ್‌ವ್ಯೂ ವಿಡಿಯೋ ಕಾಲ್‌ನಲ್ಲೇ ಮುಗಿಸಿಬಿಟ್ಟೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಜಿಎಸ್‌ಟಿ, ಟಿಡಿಎಸ್, ಏನು ಕೇಳಿದರೂ ಪಟಪಟ ಉತ್ತರ. ಒಂದು ಸಲ ಮಾತು ನಿಂತ ಮೇಲೂ ಅವನ ತುಟಿ ಆಡುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಸುಮ್ಮನಾದೆ.

ಕೆಲಸಕ್ಕೆ ಬಂದ ದಿನ ದನಿ ಬೇರೆ ಥರ ಇತ್ತು. ಶೀತ ಆಗಿದೆ ಸಾರ್ ಅಂದ. ಅದನ್ನೂ ನಂಬಿದೆ.

11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದರೆ ಹಿಂದಿನ ತಿಂಗಳ ಮಾರಾಟದ ಬಿಲ್‌ಗಳ ರಿಟರ್ನ್ ಹಾಕಬೇಕು. ಹಾಕಿದೆ ಸಾರ್ ಅಂದ. ಹಾಕುವಾಗ ಒಟಿಪಿ ನನ್ನ ಫೋನಿಗೇ ಬರಬೇಕು. ಬಂದಿರಲಿಲ್ಲ, ನಾನೂ ಗಮನಿಸಲಿಲ್ಲ. 16ಕ್ಕೆ ನಮ್ಮ ದೊಡ್ಡ ಗಿರಾಕಿ ಫೋನ್ ಮಾಡಿದರು. "ನಿಮ್ಮ ಬಿಲ್ ನಮ್ಮ 2ಬಿಯಲ್ಲಿ ಕಾಣ್ತಿಲ್ಲ. ಪೇಮೆಂಟ್ ತಡೆದಿದ್ದೀವಿ." 2ಬಿ ಅಂದರೆ, ನಾವು ಜಿಎಸ್‌ಟಿಆರ್-1ರಲ್ಲಿ ಹಾಕಿದ ಬಿಲ್ ಗಿರಾಕಿಗೆ ಕಾಣುವ ಜಿಎಸ್‌ಟಿ ಪಟ್ಟಿ. ಅವನ ಟೇಬಲ್ ಹತ್ತಿರ ಹೋದೆ. ಟ್ಯಾಲಿ ತೆರೆದಿತ್ತು. ಪಕ್ಕದ ಫೋನಿನಲ್ಲಿ, ಸೇಲ್ಸ್ ಎಂಟ್ರಿ ಹಾಕೋದು ಹೇಗೆ ಅಂತ ಹೇಳಿಕೊಡುವ ವಿಡಿಯೋ ಓಡುತ್ತಿತ್ತು. ಮೌಸ್ ಹಿಡಿದ ಕೈ ನಡುಗುತ್ತಿತ್ತು.

ಕೂರಿಸಿ ಕೇಳಿದಾಗ ಅತ್ತುಬಿಟ್ಟ. ಒಬ್ಬ ದಲ್ಲಾಳಿಗೆ ದುಡ್ಡು ಕೊಟ್ಟಿದ್ದನಂತೆ. ಉತ್ತರ ಹೇಳಿದ್ದು ಆ ಕಡೆಯವನು, ಇವನು ಬಾಯಿ ಆಡಿಸಿದ್ದಷ್ಟೇ. ಎಕ್ಸ್‌ಪೀರಿಯನ್ಸ್ ಲೆಟರ್ ಕೂಡ ಅವರದ್ದೇ. ಅದರಲ್ಲಿದ್ದ ಮೊಬೈಲ್ ನಂಬರಿಗೆ ನಾನು ವಿಚಾರಿಸಿದ್ದೆ. "ಒಳ್ಳೆ ಹುಡುಗ" ಅಂದಿದ್ದರು. ಅದೂ ಅವರದ್ದೇ ನಂಬರ್! ಬಿ.ಕಾಂ. ಮಾತ್ರ ನಿಜ. ಅನುಭವ ಇಲ್ಲ ಅಂತ ಹೇಳಿದ್ದರೂ ಕಲಿಯೋಕೆ ಇಟ್ಟುಕೊಳ್ಳುತ್ತಿದ್ದೆ. ಅದು ಈಗಲೂ ಬೇಜಾರು.

ದಯವಿಟ್ಟು ನೇರವಾಗಿ ಕರೆಸಿ ಮಾತಾಡಿ. ಹಳೆಯ ಕಂಪನಿಯ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ. ಪಿಎಫ್ ಕಟ್ಟುವ ಕಡೆ ದುಡಿದವರಿಗೆ ಸಾಮಾನ್ಯವಾಗಿ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್ ಇರುತ್ತದೆ. ಅವರೇ ಪಿಎಫ್ ವೆಬ್‌ಸೈಟಿಗೆ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೋರಿಸಲಿ. ಎಲ್ಲಿಂದ ಎಲ್ಲಿಯವರೆಗೆ ದುಡಿದರು ಅಂತ ಅಲ್ಲೇ ಇರುತ್ತದೆ. ಪಾಸ್‌ವರ್ಡ್ ಮಾತ್ರ ಕೇಳಬೇಡಿ, ಅದು ತಪ್ಪು. 20ಕ್ಕಿಂತ ಕಡಿಮೆ ಜನರಿರುವ ಕಡೆ ಪಿಎಫ್ ಕಡ್ಡಾಯವಲ್ಲ. ಹಾಗಾಗಿ ಯುಎಎನ್ ಇಲ್ಲ ಅಂದ ಕೂಡಲೇ ಸುಳ್ಳುಗಾರ ಅನ್ನಬೇಡಿ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ.

ನಾನೀಗ ಹತ್ತು ಬಿಲ್ ಮುಂದಿಟ್ಟು ಟ್ಯಾಲಿಯಲ್ಲಿ ಹಾಕಿಸುತ್ತೇನೆ. ಹೋದ ವಾರ ಬಂದ ಹುಡುಗಿ ಒಂಬತ್ತು ಹಾಕಿ, "ಈ ಡೆಬಿಟ್ ನೋಟ್ ನನಗೆ ಬರಲ್ಲ ಸಾರ್" ಅಂದಳು. ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾಳೆ.